ಗಾಜಿನ ತೊಟ್ಟಿಯಲ್ಲಿ ಕುಬ್ಜ ಕಪ್ಪೆಗಳ ಸಂಸಾರ

ಕಪ್ಪೆಯು ನಮ್ಮ ಭಾಷೆಗೆ ಬಹಳ ಹಳೆಯ ಪರಿಚಯದ ಪ್ರಾಣಿ. ಲೋಕವನ್ನು ಕಾಣದವನನ್ನು ಕೂಪಮಂಡೂಕನೆಂದು ಜರಿಯುತ್ತೇವೆ. ಹತ್ತು ಜನರನ್ನು ಒಂದು ಮಾತಿಗೆ ತರಲಾರದೆ ಸೋತವನು, ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದಂತಾಯಿತೆನ್ನುತ್ತಾನೆ. ಮಳೆ ತಡವಾದರೆ ಕೆಲವು ಊರುಗಳಲ್ಲಿ ಒಂದು ಗಂಡು, ಒಂದು ಹೆಣ್ಣು ಕಪ್ಪೆಯನ್ನು ಹಿಡಿದು ತಂದು ಶಾಸ್ತ್ರೋಕ್ತವಾಗಿ ಮದುವೆಯನ್ನೂ ಮಾಡುತ್ತಾರೆ. 2019ರ ಜೂನ್ ತಿಂಗಳಲ್ಲಿ ಉಡುಪಿಯಲ್ಲಿ ನಡೆದ ಅಂತಹ ಮದುವೆಯ ವಾರ್ತೆ ಪತ್ರಿಕೆಗಳಲ್ಲಿ ಬಂದಿತ್ತು. ಆದರೆ ಕಪ್ಪೆಗಳ ನಿಜವಾದ ಸಂಸಾರ ಹೇಗೆ ನಡೆಯುತ್ತದೆಂದು ವಿಚಾರಿಸುವವರು ವಿರಳ. ಅದನ್ನು ಗಾಜಿನ ಆಚೆಯಿಂದ ದಿನವೂ ನೋಡುವ ಅವಕಾಶ ನನಗೆ ದೊರೆತುದರಿಂದ, ಕಂಡುದನ್ನೂ ಓದಿ ತಿಳಿದುದನ್ನೂ ಸಹಪಾಠಿಗಳ ಮುಂದೆ ಇಡಬೇಕೆನಿಸಿತು.

ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಲ್ಲ. ಇತಿಹಾಸ ಮತ್ತು ಅರ್ಥಶಾಸ್ತ್ರಗಳನ್ನು ಓದುವವನು. ಕಾಲೇಜಿನ ಶುಲ್ಕಕ್ಕೆ ಒದಗಲೆಂದು ಎರಡು ವರ್ಷಗಳಿಂದ ಸಂಜೆಯ ಹೊತ್ತು ಅಲಂಕಾರ ಮೀನುಗಳ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ತೊಟ್ಟಿಗಳ ನೀರು ಬದಲಿಸುವುದು, ಮೀನುಗಳಿಗೆ ಮೇವು ಹಾಕುವುದು, ಬಂದವರಿಗೆ ವಿವರ ಹೇಳುವುದು ನನ್ನ ಪಾಲಿನ ಕೆಲಸ. ಆ ತೊಟ್ಟಿಗಳಲ್ಲಿ ಒಂದು ಆಫ್ರಿಕದ ಕುಬ್ಜ ಕಪ್ಪೆಗಳದು.

ಈ ಕಪ್ಪೆ ಯಾವುದು?

ಇದರ ಶಾಸ್ತ್ರೀಯ ಹೆಸರು ಹೈಮೆನೋಕೈರಸ್. ಗ್ರೀಕ್ ಭಾಷೆಯ ಈ ಪದಕ್ಕೆ 'ಪೊರೆಯ ಕೈಯುಳ್ಳದ್ದು' ಎಂದರ್ಥ. ಈ ಕುಲದಲ್ಲಿ ನಾಲ್ಕು ಪ್ರಭೇದಗಳನ್ನು ಗುರುತಿಸಿದ್ದಾರೆ. ಸಾಕುವವರಲ್ಲಿ ಹೆಚ್ಚಾಗಿ ಕಾಣುವುದು ಹೈಮೆನೋಕೈರಸ್ ಬೋಟ್ಗೆರಿ. ನೈಜೀರಿಯ, ಕ್ಯಾಮರೂನ್‌ಗಳಿಂದ ಕಾಂಗೋ ನದಿಯ ಪ್ರದೇಶದವರೆಗೆ, ಮಳೆಕಾಡಿನ ನೆರಳಿನಲ್ಲಿ ನಿಂತ ಅಥವಾ ನಿಧಾನವಾಗಿ ಹರಿಯುವ ನೀರು ಇದರ ತವರು. ಎಲೆ ಕೊಳೆತು ತಳ ಮುಚ್ಚಿರುವ, ಗಿಡಗಂಟಿಗಳಿರುವ ಆಳವಿಲ್ಲದ ನೀರು ಅದು.

ನಮ್ಮ ಗದ್ದೆಯ ಕಪ್ಪೆಗೂ ಇದಕ್ಕೂ ದೊಡ್ಡ ವ್ಯತ್ಯಾಸವುಂಟು. ನಮ್ಮದು ನೀರಿಗೂ ನೆಲಕ್ಕೂ ಸಲ್ಲುವುದು. ಇದು ಬಾಳೆಲ್ಲವನ್ನೂ ನೀರಿನಲ್ಲೇ ಕಳೆಯುವುದು. ಆದರೂ ಮೀನಿನಂತೆ ಕಿವಿರುಗಳಿಂದ ಉಸಿರಾಡಲಾರದು. ಶ್ವಾಸಕೋಶವುಳ್ಳ ಪ್ರಾಣಿಯಾದುದರಿಂದ ಆಗಾಗ ಮೇಲಕ್ಕೆ ಚಿಮ್ಮಿ, ಒಂದು ಗುಟುಕು ಗಾಳಿ ಕುಡಿದು, ಮತ್ತೆ ತಳಕ್ಕಿಳಿಯುತ್ತದೆ. ಇದಕ್ಕೆ ನಾಲಿಗೆಯೇ ಇಲ್ಲ. ಬಾಯಿಯನ್ನು ಥಟ್ಟನೆ ಅಗಲಿಸಿ, ನೀರಿನೊಡನೆ ಆಹಾರವನ್ನು ಒಳಗೆ ಸೆಳೆದುಕೊಂಡು, ಉಳಿದುದನ್ನು ಮುಂಗೈಗಳಿಂದ ತುರುಕಿಕೊಳ್ಳುತ್ತದೆ. ಪೂರ್ಣ ಬೆಳೆದರೂ ಉದ್ದ 3ರಿಂದ 4 ಸೆಂಟಿಮೀಟರು ಮಾತ್ರ. ಚೆನ್ನಾಗಿ ನೋಡಿಕೊಂಡರೆ ಐದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದುಕುತ್ತದೆ.

ಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿಯೊಂದುಂಟು. ಕುಬ್ಜ ಕಪ್ಪೆಯ ಹೆಸರಿನಲ್ಲಿ ಅಂಗಡಿಗಳಿಗೆ ಬರುವ ಮರಿಗಳು ಹಲವು ವೇಳೆ ಜೆನೋಪಸ್ ಎಂಬ ಉಗುರುಕಪ್ಪೆಯ ಮರಿಗಳಾಗಿರುತ್ತವೆ. ಎರಡೂ ಒಂದೇ ಕುಟುಂಬಕ್ಕೆ ಸೇರಿದವು. 1896ರಲ್ಲಿ ಜರ್ಮನಿಯ ಟೋರ್ನಿಯರ್ ಎಂಬ ವಿಜ್ಞಾನಿ ಬೋಟ್ಗೆರಿಯನ್ನು ಮೊದಲು ವರ್ಣಿಸಿದಾಗ ಅದನ್ನು ಜೆನೋಪಸ್ ಕುಲದಲ್ಲಿಯೇ ಸೇರಿಸಿದ್ದನು. ಆದರೆ ಉಗುರುಕಪ್ಪೆಯ ಹೆಣ್ಣು 10 ಸೆಂಟಿಮೀಟರನ್ನೂ ಮೀರಿ ಬೆಳೆಯುತ್ತದೆ, ಬಾಯಿಗೆ ಹಿಡಿಸಿದುದನ್ನೆಲ್ಲ ನುಂಗುತ್ತದೆ. ಕುಬ್ಜ ಕಪ್ಪೆಯೊಡನೆ ಅದನ್ನು ಬಿಟ್ಟರೆ ಕುಬ್ಜ ಕಪ್ಪೆ ಉಳಿಯದು. ಗುರುತು ಹಿಡಿಯಲು ಮುಂಗಾಲುಗಳನ್ನು ನೋಡಬೇಕು. ಬೆರಳುಗಳ ನಡುವೆ ಪೊರೆಯಿದ್ದರೆ ಕುಬ್ಜ ಕಪ್ಪೆ. ಬೆರಳುಗಳು ಬಿಡಿಬಿಡಿಯಾಗಿದ್ದರೆ ಉಗುರುಕಪ್ಪೆ. ಕಣ್ಣುಗಳು ಕುಬ್ಜ ಕಪ್ಪೆಗೆ ತಲೆಯ ಪಕ್ಕಗಳಲ್ಲಿರುತ್ತವೆ, ಉಗುರುಕಪ್ಪೆಗೆ ನೆತ್ತಿಯ ಕಡೆಗಿರುತ್ತವೆ.

ಗಂಡು ಹೆಣ್ಣುಗಳ ಲಕ್ಷಣ

ಮರಿಯಾಗಿರುವಾಗ ಗಂಡು ಹೆಣ್ಣೆಂದು ತಿಳಿಯುವ ಉಪಾಯವಿಲ್ಲ. ಒಂದು ವರ್ಷದ ಆಸುಪಾಸಿನಲ್ಲಿ ಲಕ್ಷಣಗಳು ಸ್ಪಷ್ಟವಾಗುತ್ತವೆ. ಗಂಡಿಗೆ ಮುಂಗಾಲಿನ ಹಿಂದೆ, ಕಂಕುಳಿನ ಬಳಿಯಲ್ಲಿ, ಎರಡು ಕಡೆಯೂ ಸಾಸಿವೆಕಾಳಿನಷ್ಟು ದೊಡ್ಡದಾದ ಬಿಳುಪು ಅಥವಾ ನಸುಗೆಂಪು ಉಬ್ಬು ಕಾಣಿಸುತ್ತದೆ. ಅದೊಂದು ಗ್ರಂಥಿ. ಹೆಣ್ಣಿಗೆ ಅದಿಲ್ಲ. ಹೆಣ್ಣು ಗಾತ್ರದಲ್ಲಿ ದೊಡ್ಡದು, ಹೊಟ್ಟೆಯ ಭಾಗದಲ್ಲಿ ದುಂಡಗಿರುವುದು. ಹಿಂಗಾಲುಗಳ ನಡುವೆ ಮೋಟು ಬಾಲದಂತಹ ಚಿಕ್ಕ ಮುಂಚಾಚು ಇರುವುದು.

ಆ ಗ್ರಂಥಿಯ ಕೆಲಸವೇನೆಂಬುದನ್ನು 2000ದಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿಕೊಟ್ಟಿತು. ಗ್ರಂಥಿಯುಳ್ಳ ಗಂಡುಗಳಿದ್ದ ನೀರಿನ ಕಡೆಗೆ ಹೆಣ್ಣುಗಳು ತಾವಾಗಿಯೇ ಈಜಿ ಹೋಗುತ್ತಿದ್ದವು. ಗ್ರಂಥಿಯನ್ನು ತೆಗೆದ ಗಂಡುಗಳ ನೀರಿಗೆ ಆ ಆಕರ್ಷಣೆ ಇರಲಿಲ್ಲ. ಎಂದರೆ ಗಂಡು ನೀರಿನ ಮೂಲಕ ಒಂದು ವಾಸನೆಯ ಕರೆಯನ್ನು ಕಳುಹಿಸುತ್ತದೆ. ಇದರ ಮೇಲೆ ಧ್ವನಿಯ ಕರೆಯೂ ಉಂಟು. ನಮ್ಮ ಮಳೆಗಾಲದ ಕಪ್ಪೆಗಳಂತೆ ಗಂಟಲ ಚೀಲವನ್ನು ಉಬ್ಬಿಸಿ ಕೂಗುವುದಿಲ್ಲ. ನೀರಿನೊಳಗೇ ಕುಳಿತು ಸಣ್ಣ ಯಂತ್ರ ತಿರುಗಿದಂತೆ ಗುಂಯ್‌ಗುಡುತ್ತದೆ. ಅಂಗಡಿಯ ದೀಪ ಆರಿಸಿ ಬಾಗಿಲೆಳೆಯುವ ಹೊತ್ತಿಗೆ ಈ ಸದ್ದು ಶುರುವಾಗುತ್ತದೆ. ಹೊಸಬರು ಗಾಳಿ ಪಂಪು ಕೆಟ್ಟಿತೆಂದು ತಿಳಿಯುವುದುಂಟು.

ಹಿಡಿತ ಮತ್ತು ಕುಣಿತ

ನಮ್ಮ ಕಡೆಯ ಸಾಮಾನ್ಯ ಕಪ್ಪೆಗಳಲ್ಲಿ ಗಂಡು ಹೆಣ್ಣಿನ ಬೆನ್ನೇರಿ ಕಂಕುಳ ಕೆಳಗೆ ಹಿಡಿಯುತ್ತದೆ. ಕುಬ್ಜ ಕಪ್ಪೆಯಲ್ಲಿ ಗಂಡು ಹಿಂಗಾಲುಗಳ ಮುಂದೆ, ಸೊಂಟವನ್ನು ಸುತ್ತಿ ಹಿಡಿಯುತ್ತದೆ. ಈ ಹಿಡಿತ ಅನೇಕ ಗಂಟೆಗಳ ಕಾಲ, ಕೆಲವೊಮ್ಮೆ ರಾತ್ರಿಯೆಲ್ಲ ಇರುವುದು. ಮೊಟ್ಟೆಯಿಡುವ ಹೆಣ್ಣಾದರೆ ಜೋಡಿಯು ತಳದಿಂದ ಮೇಲಕ್ಕೆ ಸುತ್ತು ಹಾಕುತ್ತ ಏರುತ್ತದೆ. ನೀರಿನ ಮಟ್ಟದಲ್ಲಿ ಅಂಗಾತವಾಗಿ ತಿರುಗಿ, ಕೆಲವು ಮೊಟ್ಟೆಗಳನ್ನು ಮೇಲ್ಮೈಗೆ ಬಿಟ್ಟು, ಮತ್ತೆ ಕೆಳಕ್ಕಿಳಿಯುತ್ತದೆ. ಹೀಗೆ ಹತ್ತಾರು ಬಾರಿ ನಡೆದು, ನೂರಾರು ಮೊಟ್ಟೆಗಳು ನೀರಿನ ಮೇಲೆ ಕಸಕಸೆಯಂತೆ ತೇಲುತ್ತವೆ. ನೋಡುವುದಕ್ಕೆ ಇದು ನಿಜವಾಗಿಯೂ ಸೊಗಸಾದ ಕುಣಿತ.

ಆದರೆ ಸೊಗಸನ್ನು ನೋಡುವವನು ಹೊರೆಯನ್ನೂ ನೋಡಬೇಕು. ಹಿಡಿತದಲ್ಲಿರುವಷ್ಟು ಕಾಲವೂ ಹೆಣ್ಣು ಉಸಿರಿಗಾಗಿ ಮೇಲೇರಲೇಬೇಕು. ಏರುವಾಗ ಬೆನ್ನ ಮೇಲಿನ ಭಾರವನ್ನೂ ಹೊತ್ತು ಏರಬೇಕು. ಆ ಹೊತ್ತಿನಲ್ಲಿ ಅದು ಸರಿಯಾಗಿ ತಿನ್ನಲಾರದು. ಗಂಡಿನ ಉತ್ಸಾಹಕ್ಕೆ ಹೆಣ್ಣಿನ ಸಿದ್ಧತೆ ಬೇಕೆಂಬ ನಿಯಮವಿಲ್ಲ. ಮೊಟ್ಟೆಯಿಲ್ಲದ ಹೆಣ್ಣನ್ನೂ, ಒಮ್ಮೊಮ್ಮೆ ಇನ್ನೊಂದು ಗಂಡನ್ನೂ ಅದು ಹಿಡಿಯುವುದುಂಟು.

ಕಾಡಿನ ಕೊಳದಲ್ಲಿ ಇದಕ್ಕೆ ಪರಿಹಾರ ಸುಲಭ. ಹೆಣ್ಣು ಕರೆ ಕೇಳಿದ ಕಡೆಗೆ ಬರುತ್ತದೆ, ಬೇಡವೆನಿಸಿದರೆ ಗಿಡಗಳ ಮರೆಗೆ ಹೋಗುತ್ತದೆ. ಬರುವುದೂ ಹೋಗುವುದೂ ಅದರ ಇಚ್ಛೆ. ಗಾಜಿನ ತೊಟ್ಟಿಯಲ್ಲಿ ಬರುವುದಕ್ಕೆ ದಾರಿಯುಂಟು, ಹೋಗುವುದಕ್ಕೆ ದಾರಿಯಿಲ್ಲ. ವಾಸನೆಯ ಕರೆ ನಾಲ್ಕು ಗೋಡೆಗಳ ನಡುವೆ ಸದಾ ತುಂಬಿರುತ್ತದೆ. ಗಂಡು ಹೆಣ್ಣುಗಳನ್ನು ಕೂಡಿಸಿ ಸಾಕುವವನ ಮುಂದಿರುವ ಮುಖ್ಯ ಪ್ರಶ್ನೆ ಇದೇ. ಉಳಿದುವೆಲ್ಲ ಇದರ ಶಾಖೆಗಳು.

ಕಳೆದ ವರ್ಷ ಗ್ರಾಹಕರೊಬ್ಬರು ನಾಲ್ಕು ಕಪ್ಪೆಗಳನ್ನು ಅಂಗಡಿಗೆ ಹಿಂದಿರುಗಿಸಿದರು. ಮರಿಗಳಾಗಿದ್ದಾಗ ಎಲ್ಲಿಯೋ ಕೊಂಡವು. ಬೆಳೆದ ಮೇಲೆ ನೋಡಿದರೆ ಮೂರು ಗಂಡು, ಒಂದು ಹೆಣ್ಣು. ಹೆಣ್ಣು ತಿನ್ನುವುದಿಲ್ಲವೆಂಬುದು ಅವರ ದೂರು. ಅದರ ಸೊಂಟದ ಬಳಿ ಚರ್ಮ ಕೆಂಪಾಗಿತ್ತು, ಹೊಟ್ಟೆ ಬತ್ತಿತ್ತು. ಔಷಧವೇನನ್ನೂ ಹಾಕದೆ ಅದನ್ನು ಬೇರೊಂದು ತೊಟ್ಟಿಯಲ್ಲಿಟ್ಟು ಮೇವು ಕೊಟ್ಟೆವು. ಮೂರು ವಾರಗಳಲ್ಲಿ ಮೈ ತುಂಬಿಕೊಂಡಿತು. ಆಮೇಲೆ ಅದನ್ನು ಎರಡು ಗಂಡು, ಮೂರು ಹೆಣ್ಣುಗಳಿದ್ದ ತೊಟ್ಟಿಗೆ ಸೇರಿಸಿದೆವು. ಅಲ್ಲಿ ಇಂದಿಗೂ ಚೆನ್ನಾಗಿದೆ. ಒಂದು ಉದಾಹರಣೆಯಿಂದ ಸಿದ್ಧಾಂತವನ್ನು ಕಟ್ಟಬಾರದೆಂದು ನಮ್ಮ ಗುರುಗಳು ಹೇಳುತ್ತಾರೆ. ಆದರೂ ರೋಗವಿದ್ದುದು ಹೆಣ್ಣಿನಲ್ಲಲ್ಲ, ಲೆಕ್ಕದಲ್ಲಿ ಎಂಬುದು ನನಗೆ ಅಂದು ಸ್ಪಷ್ಟವಾಯಿತು.

ಈ ವಿಷಯವನ್ನು ಮನೆಯಲ್ಲಿ ಹೇಳಿದಾಗ ನಮ್ಮವ್ವ ಕೊಟ್ಟ ಉತ್ತರ ಪುಸ್ತಕಗಳಲ್ಲಿ ಸಿಗುವಂಥದಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅವ್ವನಿಗೆ ಅಕ್ಷರ ಬಾರದು, ದನಕರು ಬಲ್ಲಳು. "ಬಿಟ್ಟು ಮೇಯೋ ದನಕ್ಕೆ ನೀರು ಎಲ್ಲಿದೆ ಅಂತ ಅದಕ್ಕೇ ಗೊತ್ತು ಕಣಪ್ಪ. ಕಟ್ಟಿ ಹಾಕಿದ ಮೇಲೆ ನೀರು ಕುಡಿಸೋದು ಕಟ್ಟಿದವನ ಕೆಲಸ" ಎಂದಳು. ಕುಬ್ಜ ಕಪ್ಪೆಯ ಪಾಲನೆಯ ಶಾಸ್ತ್ರವೆಲ್ಲ ಆ ಮಾತಿನಲ್ಲಿ ಅಡಗಿದೆ. ಗಾಜು ಯಾವುದನ್ನು ಕಿತ್ತುಕೊಂಡಿತೋ ಅದನ್ನು ಸಾಕುವವನು ಬೇರೊಂದು ರೂಪದಲ್ಲಿ ಹಿಂದಕ್ಕೆ ಕೊಡಬೇಕು.

ಗುಂಪಿನ ಲೆಕ್ಕ ಮತ್ತು ತೊಟ್ಟಿಯ ಏರ್ಪಾಡು

ಅಂಗಡಿಗೆ ಬಂದವರು ಸಾಮಾನ್ಯವಾಗಿ "ಒಂದು ಜೋಡಿ ಕೊಡಿ" ಎನ್ನುತ್ತಾರೆ. ಎತ್ತಿಗೆ ಜೋಡಿ ಸರಿ, ಚಪ್ಪಲಿಗೆ ಜೋಡಿ ಸರಿ. ಕುಬ್ಜ ಕಪ್ಪೆಗೆ ಜೋಡಿ ಸರಿಯಲ್ಲ. ಒಂದೇ ಹೆಣ್ಣಿದ್ದರೆ ಗಂಡಿನ ಗಮನವೆಲ್ಲ ಅದರ ಮೇಲೆಯೇ. ಒಂದು ಗಂಡಿಗೆ ಕನಿಷ್ಠ ಎರಡು ಹೆಣ್ಣುಗಳಿದ್ದರೆ ಹೊರೆ ಹಂಚಿಹೋಗುತ್ತದೆ. ಎರಡು ಗಂಡು, ನಾಲ್ಕು ಹೆಣ್ಣುಗಳ ಗುಂಪು ನಮ್ಮ ಅಂಗಡಿಯಲ್ಲಿ ನೆಮ್ಮದಿಯಿಂದಿದೆ. ಮರಿಗಳನ್ನು ಕೊಳ್ಳುವಾಗ ಗಂಡು ಹೆಣ್ಣು ತಿಳಿಯದಾದುದರಿಂದ, ಬೆಳೆದ ಮೇಲೆ ಹೆಚ್ಚಾದ ಗಂಡುಗಳನ್ನು ಹಿಂದಕ್ಕೆ ತೆಗೆದುಕೊಳ್ಳುವರೇ ಎಂದು ಅಂಗಡಿಯವರನ್ನು ಮೊದಲೇ ಕೇಳಿಕೊಳ್ಳುವುದು ಮೇಲು. ಗಂಡುಗಳಿಗಾಗಿ ಬೇರೆ ತೊಟ್ಟಿ ಇಟ್ಟರೂ ಆದೀತು.

ತೊಟ್ಟಿ ಎತ್ತರವಾಗಿರುವುದಕ್ಕಿಂತ ಅಗಲವಾಗಿರುವುದು ಒಳ್ಳೆಯದು. 60 ಸೆಂಟಿಮೀಟರು ಉದ್ದ, 30 ಸೆಂಟಿಮೀಟರು ಅಗಲದ ತೊಟ್ಟಿಯಲ್ಲಿ 25 ಸೆಂಟಿಮೀಟರು ನೀರು ನಿಲ್ಲಿಸಿದರೆ 45 ಲೀಟರಾಗುತ್ತದೆ; ಆರು ಕಪ್ಪೆಗಳಿಗೆ ಅಷ್ಟಾದರೂ ಬೇಕು. ಆಳ ಕಡಿಮೆಯಿದ್ದರೆ, ಬೆನ್ನ ಮೇಲೆ ಭಾರವಿರುವ ಹೆಣ್ಣಿಗೆ ಗಾಳಿ ದೂರವಾಗುವುದಿಲ್ಲ. ನೀರಿನ ಮಟ್ಟದವರೆಗೆ ಬೆಳೆಯುವ ಗಿಡಗಳನ್ನೂ ತೇಲುವ ಗಿಡಗಳನ್ನೂ ಹಾಕಿದರೆ ಅದು ಎಲೆಗಳ ಮೇಲೆ ದಣಿವಾರಿಸಿಕೊಳ್ಳಬಹುದು. ಒಡೆದ ಮಣ್ಣಿನ ಕುಂಡ, ತೆಂಗಿನ ಚಿಪ್ಪು ಮೊದಲಾದುವನ್ನು ಹೆಣ್ಣುಗಳ ಸಂಖ್ಯೆಗಿಂತ ಒಂದೆರಡು ಹೆಚ್ಚಾಗಿಯೇ ಇಡಬೇಕು. ಪ್ರತಿಯೊಂದು ಮರೆಗೂ ಎರಡು ಬಾಯಿಗಳಿರಲಿ. ಒಂದೇ ಬಾಯಿಯ ಮರೆ ಅಡಗುತಾಣವಾಗದೆ ಬೋನಾಗುತ್ತದೆ.

ಯಾವ ಹೆಣ್ಣಾದರೂ ಸೊರಗಿದರೆ, ಸದಾ ಮೇಲ್ಮೈಯಲ್ಲೇ ಇದ್ದರೆ, ಮೇವಿಗೆ ಬಾರದಿದ್ದರೆ ಅದನ್ನು ಕೆಲವು ವಾರ ಪ್ರತ್ಯೇಕವಾಗಿಡಬೇಕು. ತೊಟ್ಟಿಯ ನಡುವೆ ಜಾಲರಿ ಕಟ್ಟಿದರೆ ಹಿಡಿತ ತಪ್ಪುತ್ತದೆಯಾದರೂ ನೀರು ಒಂದೇ ಆಗಿರುವುದರಿಂದ ವಾಸನೆಯ ಕರೆ ತಪ್ಪುವುದಿಲ್ಲ. ಆದುದರಿಂದ ಬೇರೆ ತೊಟ್ಟಿಯೇ ಉತ್ತಮ.

ನೀರು ಮತ್ತು ಮೇವು

ಹೊಸ ತೊಟ್ಟಿಗೆ ಕೂಡಲೇ ಕಪ್ಪೆಗಳನ್ನು ಬಿಡಬಾರದು. ಕಪ್ಪೆಯ ಮಲಮೂತ್ರಗಳಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಮತ್ತೊಂದು ಬಗೆಯವು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಗಳು ಫಿಲ್ಟರಿನಲ್ಲಿ ನೆಲೆಯೂರಲು ಸುಮಾರು ಒಂದು ತಿಂಗಳು ಬೇಕು. ಆಮೇಲೆ ವಾರಕ್ಕೊಮ್ಮೆ ನಾಲ್ಕರಲ್ಲೊಂದು ಪಾಲು ನೀರನ್ನು ಬದಲಿಸಿದರೆ ಸಾಕು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲಾಡಿಸುವ ದ್ರಾವಣವನ್ನು ಬೆರೆಸಿಯೇ ಹಾಕಬೇಕು. ಉಷ್ಣತೆ 24 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಲಿ. ನಮ್ಮ ಬಯಲುಸೀಮೆಯ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಚಿಕ್ಕ ಹೀಟರ್ ಬೇಕಾಗುತ್ತದೆ. ಫಿಲ್ಟರಿನ ಸೆಳೆತ ಮೆಲ್ಲಗಿರಬೇಕು. ಇವು ಬಿರುಸಿನ ಹರಿವನ್ನು ಬಲ್ಲ ಪ್ರಾಣಿಗಳಲ್ಲ. ತೊಟ್ಟಿಗೆ ಮುಚ್ಚಳ ಕಡ್ಡಾಯ, ಮುಚ್ಚಳಕ್ಕೂ ನೀರಿಗೂ ನಡುವೆ ಮೂರು ನಾಲ್ಕು ಸೆಂಟಿಮೀಟರು ಗಾಳಿಯೂ ಕಡ್ಡಾಯ. ಹೊರಗೆ ಹಾರಿದ ಕಪ್ಪೆ ಬೇಗನೆ ಒಣಗಿ ಸಾಯುತ್ತದೆ.

ಇವು ಮಾಂಸಾಹಾರಿಗಳು. ಬ್ಲಡ್‌ವರ್ಮ್ ಎಂದು ಅಂಗಡಿಗಳಲ್ಲಿ ಮಾರುವ ಕೆಂಪು ಹುಳು, ಉಪ್ಪುನೀರಿನ ಚಿಕ್ಕ ಸೀಗಡಿ, ಸಣ್ಣಗೆ ಕತ್ತರಿಸಿದ ಎರೆಹುಳು ಇವಕ್ಕೆ ಪ್ರಿಯ. ಅಕ್ಕಿ, ಪುರಿ, ಬ್ರೆಡ್ಡುಗಳನ್ನು ಹಾಕುವುದು ನೀರನ್ನು ಕೆಡಿಸುವುದಕ್ಕೆ ಮಾತ್ರ. ಕುಬ್ಜ ಕಪ್ಪೆಗೆ ದೃಷ್ಟಿ ಮಂದ. ವಾಸನೆ ಹಿಡಿದು ತಡಕಾಡಿ ತಿನ್ನುತ್ತದೆ. ಚುರುಕು ಮೀನುಗಳೊಡನೆ ಇಟ್ಟರೆ ಮೇವೆಲ್ಲ ಮೀನುಗಳ ಪಾಲು. ತೊಟ್ಟಿಯ ತಳದಲ್ಲಿ ಒಂದು ಚಿಕ್ಕ ತಟ್ಟೆಯಿಟ್ಟು ದಿನ ಬಿಟ್ಟು ದಿನ ಅಲ್ಲಿಯೇ ಮೇವು ಹಾಕಿದರೆ, ಕೆಲವೇ ವಾರಗಳಲ್ಲಿ ಅವು ಆ ಸ್ಥಳವನ್ನು ಕಲಿತುಕೊಳ್ಳುತ್ತವೆ. ಯಾವ ಹೆಣ್ಣು ತಟ್ಟೆಗೆ ಬರಲಿಲ್ಲವೆಂಬ ಹಾಜರಿಯೂ ನಮಗೆ ಆಗ ಸಿಗುತ್ತದೆ.

ಮೊಟ್ಟೆ ಮತ್ತು ಮರಿ

ಗಂಡು ಹೆಣ್ಣುಗಳು ಕೂಡಿದ್ದರೆ ಮೊಟ್ಟೆ ಬಂದೇ ಬರುತ್ತವೆ. ಎಲ್ಲವನ್ನೂ ಮರಿ ಮಾಡಿಸಬೇಕಾಗಿಲ್ಲ. ಹಾಗೆಯೇ ಬಿಟ್ಟರೆ ಹೆತ್ತವೇ ಬಹುಪಾಲನ್ನು ತಿಂದು ಮುಗಿಸುತ್ತವೆ. ಇದನ್ನು ಕ್ರೌರ್ಯವೆನ್ನಬೇಕಾಗಿಲ್ಲ, ಮಾತೃಪ್ರೇಮದ ನಮ್ಮ ಕಲ್ಪನೆ ಕಪ್ಪೆಗೆ ಅನ್ವಯಿಸದು. ಮರಿ ಬೇಕೆಂದಾದರೆ ಮೊಟ್ಟೆಗಳನ್ನು ಚಮಚದಿಂದ ತೆಗೆದು ಬೇರೆ ಪಾತ್ರೆಗೆ ಹಾಕಬೇಕು. ಎರಡು ಮೂರು ದಿನಗಳಲ್ಲಿ ಅವು ಒಡೆಯುತ್ತವೆ.

ಕಷ್ಟ ಆರಂಭವಾಗುವುದು ಅಲ್ಲಿಂದಲೇ. ನಮ್ಮ ಕೆರೆಯ ಸಾಮಾನ್ಯ ಗೊದಮೊಟ್ಟೆಗಳು ಪಾಚಿಯನ್ನು ಕೆರೆದು ತಿಂದು ಬೆಳೆಯುತ್ತವೆ. ಇದರ ಗೊದಮೊಟ್ಟೆ ಕೆಲವೇ ಮಿಲಿಮೀಟರು ಉದ್ದವಿದ್ದರೂ ಬೇಟೆಗಾರ. ಬಾಯಿಯನ್ನು ಕೊಳವೆಯಂತೆ ಚಾಚಿ, ಜೀವಂತವಾಗಿ ಚಲಿಸುವ ಸೂಕ್ಷ್ಮಪ್ರಾಣಿಯನ್ನು ಮೀನಿನಂತೆ ಹೀರಿಕೊಳ್ಳುತ್ತದೆ. ಇದರ ವಿವರ 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆದುದರಿಂದ ದಿನವೂ ಜೀವಂತ ಆಹಾರವನ್ನು ಬೆಳೆಸಿ ಕೊಡಬಲ್ಲವನು ಮಾತ್ರ ಇದಕ್ಕೆ ಕೈಹಾಕಬೇಕು. ಬೆಳೆದ ಮರಿಗಳನ್ನು ಯಾರಿಗೆ ಕೊಡುವುದೆಂಬ ಪ್ರಶ್ನೆಗೆ ಉತ್ತರವೂ ಮೊದಲೇ ಸಿದ್ಧವಿರಬೇಕು.

ಕೆರೆಗೆ ಬಿಡಬಾರದು

ಹೆಚ್ಚಾದುವನ್ನು ಕೆರೆಗೆ ಬಿಟ್ಟರೆ ಪುಣ್ಯವೆಂದು ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಇದು ಪುಣ್ಯವಲ್ಲ. ಮೇಲೆ ಹೇಳಿದ ಉಗುರುಕಪ್ಪೆಯ ಚರಿತ್ರೆಯನ್ನೇ ನೋಡಿರಿ. 1930ರ ದಶಕದಲ್ಲಿ ಲ್ಯಾನ್ಸ್‌ಲಾಟ್ ಹಾಗ್ಬೆನ್ ಮತ್ತು ಇತರರ ಸಂಶೋಧನೆಯಿಂದ, ಗರ್ಭಿಣಿಯ ಮೂತ್ರವನ್ನು ಹೆಣ್ಣು ಉಗುರುಕಪ್ಪೆಗೆ ಚುಚ್ಚಿದರೆ ಅದು ಮೊಟ್ಟೆಯಿಡುವುದೆಂದು ತಿಳಿಯಿತು. ಗರ್ಭಪರೀಕ್ಷೆಗೆಂದು ಆ ಕಪ್ಪೆಯನ್ನು ದೇಶದೇಶಗಳಿಗೆ ಸಾಗಿಸಿದರು. ಮುಂದೆ ಪ್ರಯೋಗಶಾಲೆಗಳಿಂದಲೂ ಸಾಕುವವರಿಂದಲೂ ತಪ್ಪಿಸಿಕೊಂಡ ಕಪ್ಪೆಗಳು ಕ್ಯಾಲಿಫೋರ್ನಿಯ, ಚಿಲಿ, ಫ್ರಾನ್ಸ್, ಸಿಸಿಲಿ ಮೊದಲಾದೆಡೆ ನೆಲೆಯೂರಿ, ಅಲ್ಲಿಯ ಜಲಚರಗಳಿಗೆ ಕಂಟಕವಾದುವು.

ಕಪ್ಪೆಗಿಂತಲೂ ಅದರ ಮೈಮೇಲಿನ ರೋಗದ ಭಯ ದೊಡ್ಡದು. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರವನ್ನು 1999ರಲ್ಲಿ ವಿಜ್ಞಾನಿಗಳು ಹೆಸರಿಟ್ಟು ವರ್ಣಿಸಿದರು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಜಗತ್ತಿನಲ್ಲಿ 501 ಉಭಯಚರ ಪ್ರಭೇದಗಳು ಈ ರೋಗದಿಂದ ಕ್ಷೀಣಿಸಿವೆ. ಅವುಗಳಲ್ಲಿ 90 ಅಳಿದುಹೋಗಿವೆ ಅಥವಾ ಅಳಿದಿರಬಹುದು. ಮಾರಾಟಕ್ಕೆ ಬರುವ ಕುಬ್ಜ ಕಪ್ಪೆಗಳೂ ಈ ಶಿಲೀಂಧ್ರವನ್ನು ಹೊತ್ತಿರಬಹುದು. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬೇರೆಲ್ಲಿಯೂ ಇಲ್ಲದ ಅನೇಕ ಕಪ್ಪೆಗಳಿವೆ. ಆದುದರಿಂದ ಕಪ್ಪೆಯನ್ನಾಗಲಿ, ತೊಟ್ಟಿಯಿಂದ ತೆಗೆದ ನೀರನ್ನಾಗಲಿ, ಗಿಡವನ್ನಾಗಲಿ ಕೆರೆ ಕಾಲುವೆಗಳಿಗೆ ಸೇರಿಸಬಾರದು.

ಮನುಷ್ಯರಿಗೂ ಒಂದು ಎಚ್ಚರಿಕೆಯುಂಟು. 2008ರಿಂದ 2011ರವರೆಗೆ ಅಮೆರಿಕದ 44 ಸಂಸ್ಥಾನಗಳಲ್ಲಿ 376 ಮಂದಿಗೆ ಕುಬ್ಜ ಕಪ್ಪೆಗಳ ಸಂಪರ್ಕದಿಂದ ಹರಡಿದ ಸಾಲ್ಮೊನೆಲ್ಲ ರೋಗ ತಗಲಿತು. ಅವರಲ್ಲಿ ಚಿಕ್ಕ ಮಕ್ಕಳೇ ಹೆಚ್ಚು. ತೊಟ್ಟಿಗೆ ಕೈಹಾಕಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ತೊಟ್ಟಿಯ ಸಾಮಾನುಗಳನ್ನು ಅಡುಗೆಮನೆಯ ಬಚ್ಚಲಲ್ಲಿ ತೊಳೆಯಬಾರದು.

ಉಪಸಂಹಾರ

ಕಪ್ಪೆಗಳನ್ನು ಸಾಕಬೇಡಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಬೆರಳುದ್ದವೂ ಇಲ್ಲದ ಪ್ರಾಣಿಯೊಂದು ನೀರಿನ ನಡುವೆ ಕೈಕಾಲು ಚಾಚಿ, ಏನನ್ನೋ ಯೋಚಿಸುವಂತೆ ಅಲುಗಾಡದೆ ತೇಲುವುದನ್ನು ನೋಡಿದವನಿಗೆ ಅದರ ಮೇಲೆ ಅಕ್ಕರೆ ಹುಟ್ಟದಿರದು. ಆದರೆ ಅಕ್ಕರೆಗೆ ಲೆಕ್ಕವೂ ಜೊತೆಯಾಗಬೇಕು. ಈಗ ಯಾರಾದರೂ ಬಂದು ಜೋಡಿ ಕೇಳಿದರೆ ನಾನು ಮೂರು ಪ್ರಶ್ನೆಗಳನ್ನು ಕೇಳುತ್ತೇನೆ. ಗುಂಪಿಗೆ ಸಾಲುವ ತೊಟ್ಟಿ ಇದೆಯೇ? ಗಂಡುಗಳು ಹೆಚ್ಚಾದರೆ ಬೇರೆ ಇಡುವ ಅನುಕೂಲವಿದೆಯೇ? ಐದು ವರ್ಷ ನೋಡಿಕೊಳ್ಳುವವರು ಮನೆಯಲ್ಲಿದ್ದಾರೆಯೇ? ಕೆಲವರು ಬೇಸರಪಟ್ಟು ಬರಿಗೈಯಲ್ಲಿ ಹೋಗುತ್ತಾರೆ; ಆ ದಿನ ಅಂಗಡಿಗೆ ವ್ಯಾಪಾರ ಕಡಿಮೆ. ಕೆಲವರು ಒಂದು ತಿಂಗಳಾದ ಮೇಲೆ, ತೊಟ್ಟಿಯ ನೀರು ಹದಕ್ಕೆ ಬಂದಿದೆಯೆಂದು ಹೇಳಿಕೊಂಡು ಮತ್ತೆ ಬರುತ್ತಾರೆ. ಅಂಥವರಿಗೆ ಮುಂಗಾಲಿನ ಪೊರೆಯನ್ನು ಎಣಿಸಿ ತೋರಿಸಿ, ಆರು ಕಪ್ಪೆಗಳನ್ನು ಆರಿಸಿಕೊಡುವುದು ನನಗೆ ಸಂತೋಷದ ಕೆಲಸ.